ಇಪ್ಪತ್ತೈದಕ್ಕೆ ನಿಲ್ಲುವ ಮುಳ್ಳು

ರೀಗಾದ ರೇಡಿಯೋ ಕಾರ್ಖಾನೆ ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಲ್ಲಿ ಶಾರ್ಟ್‌ವೇವ್ ರೇಡಿಯೋಗಳ ವಿನ್ಯಾಸ ಮಾಡುತ್ತಿದ್ದ ಓಯಾರ್ಸ್‌ನನ್ನು ಎಪ್ಪತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಕೆಲಸಕ್ಕೆ ಕರೆದವನು ಹೊಸದಾಗಿ ರೇಡಿಯೋ ತಯಾರಿಸಹೊರಟ ಮಿಕೆಲ್ಸ್ ಎಂಬ ಯುವಕ. ಗುಂಡಿ ತಿರುಗಿಸಿದರೆ ಕೈಗೆ ಭಾರ ತಿಳಿಯಬೇಕು, ಗಾಜಿನ ಹಿಂದೆ ಮುಳ್ಳು ನಿಧಾನಕ್ಕೆ ಸರಿಯಬೇಕು, ಅಂಥ ಹಳೇ ಕಾಲದ ರೇಡಿಯೋ ಬೇಕು ಎಂದಿದ್ದ. ಓಯಾರ್ಸ್ ಹಿತ್ತಾಳೆಯ ಚಕ್ರವನ್ನು ಆರು ಸಲ ಮಾಡಿಸಿ, ಮುಳ್ಳು ಎಳೆಯುವ ದಾರವನ್ನು ತಾನೇ ಸುತ್ತಿ, ಗುಂಡಿಗೆ ಆ ತೂಕ ತಂದ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಳುಕು ಇದ್ದದ್ದು ಬೇರೆ ಕಡೆ.

ಈ ಸಲ ಡಯಲಿನಲ್ಲಿ ದೂರದ ಕೇಂದ್ರಗಳು ಸಿಗುವ ಹತ್ತೊಂಬತ್ತು ಮೀಟರಿನ ತರಂಗಪಟ್ಟಿ ಇರುತ್ತದೆ ಎಂದು ಹೆಂಡತಿ ಝಿಂತ್ರಾಳಿಗೆ ಮಾತು ಕೊಟ್ಟಿದ್ದ. ಸೋವಿಯತ್ ಕಾಲದಲ್ಲಿ ಸರ್ಕಾರದ ಅಪ್ಪಣೆಯಂತೆ ಮುಳ್ಳು ಇಪ್ಪತ್ತೈದು ಮೀಟರಿಗೇ ನಿಲ್ಲಬೇಕಿತ್ತು. ಅದರಾಚೆ ಹತ್ತೊಂಬತ್ತರ ಕಡೆಗೆ ಹೊರದೇಶದ ದನಿಗಳು ಚೆನ್ನಾಗಿ ಕೇಳುತ್ತಿದ್ದವು. ಅವುಗಳಲ್ಲೊಂದು ಝಿಂತ್ರಾಳ ಅಣ್ಣನದು. ಅವಳಿಗೆ ಮೂರು ವರ್ಷವಿದ್ದಾಗ ದೋಣಿ ಹತ್ತಿ ದೇಶದಿಂದ ತಪ್ಪಿಸಿಕೊಂಡವನು ಮ್ಯೂನಿಕ್ಕಿನ ರೇಡಿಯೋ ಕೇಂದ್ರದಿಂದ ತಮ್ಮ ಭಾಷೆಯಲ್ಲೇ ಸುದ್ದಿ ಓದುತ್ತಿದ್ದ. ಆ ಪಟ್ಟಿಯಿದ್ದ, ಯುದ್ಧಕ್ಕೆ ಮುಂಚಿನ ರೇಡಿಯೋ ಬಚ್ಚಿಟ್ಟುಕೊಂಡಿದ್ದ ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ, ನಿನ್ನೆ ನಿಮ್ಮಣ್ಣನಿಗೆ ನೆಗಡಿಯಾದಂತಿತ್ತು ಎಂದು ಪಿಸುಗುಡುತ್ತಿದ್ದಳು; ಒಳಗೆ ಕರೆದು ಕೇಳಿಸುವ ಧೈರ್ಯ ಅವಳಿಗಿರಲಿಲ್ಲ. ಊರಿನ ರಿಪೇರಿಯವರು ಒಂದು ಬಾಟಲಿ ವೋಡ್ಕಾಕ್ಕೆ ಒಳಗಿನ ತಂತಿಸುರುಳಿ ಬದಲಿಸಿ ಆ ಪಟ್ಟಿಯನ್ನು ಗುಟ್ಟಾಗಿ ಸೇರಿಸಿಕೊಡುತ್ತಿದ್ದರು. ಓಯಾರ್ಸ್ ಮಾತ್ರ ಸ್ವಂತ ಮನೆಯ ರೇಡಿಯೋಗೂ ಸೇರಿಸಲಿಲ್ಲ. ಅಣ್ಣ ಅಲ್ಲೇ ಸತ್ತ. ಅವನ ದನಿ ಹೇಗಿತ್ತೆಂದು ತಂಗಿಗೆ ಇವತ್ತಿಗೂ ಗೊತ್ತಿಲ್ಲ.

"ಈಗ ಅಲ್ಲೇನೂ ಬರಲ್ಲ ಅಂತ ನಂಗೂ ಗೊತ್ತು," ಎಂದಿದ್ದಳು ಝಿಂತ್ರಾ. "ಮುಳ್ಳು ಅಲ್ಲೀವರೆಗೆ ಹೋಗ್ಲಿ, ಅಷ್ಟೇ."

ಡಯಲಿನ ನಕ್ಷೆ ಮುಗಿದ ದಿನ ಮಿಕೆಲ್ಸ್ ಕಾರ್ಖಾನೆಯ ಹಳೆಯದೊಂದು ರೇಡಿಯೋವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ.

"ಮೇಷ್ಟ್ರೇ, ಹಳೇದ್ರಲ್ಲಿ ಈ ಹತ್ತೊಂಬತ್ತು ಇಲ್ವಲ್ಲ. ಅಸಲಿ ಥರಾನೇ ಇರ್ಬೇಕು ಅಂತಾರೇನೋ ಜನ. ನಿಮಗೇನನ್ಸುತ್ತೆ?"

ಅವನು ಕೇಳಿದ್ದು ಅಷ್ಟೇ. ಸೋವಿಯತ್ ಕಾಲ ಮುಗಿದ ಮೇಲೆ ಹುಟ್ಟಿದವನು, ಕಾರಣ ಹೇಳಿದ್ದರೆ ಪಟ್ಟಿಯನ್ನು ಖುಷಿಯಿಂದ ಉಳಿಸಿಕೊಳ್ಳುತ್ತಿದ್ದ. ಆದರೆ ಓಯಾರ್ಸ್ ಆಗಲೇ "ಆಗ್ಲಿ, ತೆಗೆಯೋಣ" ಎಂದು ರಬ್ಬರು ಕೈಗೆತ್ತಿಕೊಂಡಾಗಿತ್ತು. ತಾನೇನು ಮಾಡುತ್ತಿದ್ದೇನೆಂದು ಹೊಳೆಯುವಷ್ಟರಲ್ಲಿ ಆ ಪಟ್ಟಿ ಅಳಿಸಿಹೋಗಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮಿಕೆಲ್ಸ್ ನಕ್ಷೆ ಸುತ್ತಿಕೊಂಡು ಗಾಜಿನ ಮೇಲೆ ಅಚ್ಚು ಹಾಕಿಸಲು ಹೊರಟ.

ಮನೆಯಲ್ಲಿ ಝಿಂತ್ರಾ ಆಲೂಗಡ್ಡೆ ಸಿಪ್ಪೆ ಹೆರೆಯುತ್ತ ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆ ಹುಡುಗ ಗದರಿದನೇ ಎಂದಳು. ಇಲ್ಲವೆಂದ. ಕೆಲಸದಿಂದ ತೆಗೆಯುತ್ತೇನೆಂದನೇ? ಅದೂ ಇಲ್ಲ, ನನ್ನ ಅಭಿಪ್ರಾಯ ಕೇಳಿದ ಎಂದ.

ಅವಳು ಚಾಕು ಕೆಳಗಿಟ್ಟಳು.

"ಆಗ ಹೆದರಿಕೆ ಅಂದೆ ನೀನು. ಇಷ್ಟು ವರ್ಷ ನಾನು ನಂಬ್ಕೊಂಡು ಬಂದೆ. ನಮ್ಮನೆ ರೇಡಿಯೋಗೆ ಹಾಕ್ಬೇಡ ಅಂತ ನಿಂಗೆ ಯಾರು ಹೇಳಿದ್ರು, ಓಯಾರ್ಸ್? ಒಂದು ಹೆಸ್ರು ಹೇಳು."

ಓಯಾರ್ಸ್ ಕಾರ್ಖಾನೆಯ ಮೇಲಧಿಕಾರಿಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆದ. ಹಾಗೆ ಹೇಳಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.