ಕ್ಯಾರೆಟ್ ಎಲೆಯ ವಾಸನೆ

ನನ್ನಾಕೆ ಇರುವತನಕ ತೋಟ ಅವಳದು, ಮಾರುಕಟ್ಟೆಯ ವ್ಯಾಪಾರ ನನ್ನದು. ಔಷಧಿ ಹೊಡೆಯದೆ ಅವಳು ಬೆಳೆದ ಕ್ಯಾರೆಟ್ಟನ್ನು ನಾನು ಕಂತೆ ಕಟ್ಟಿ ಮಾರುತ್ತಿದ್ದೆ. ಪಕ್ಕದ ಅಂಗಡಿಗಿಂತ ನಮ್ಮ ಬೆಲೆ ಯಾವಾಗಲೂ ಹೆಚ್ಚು. ಯಾಕೆ ಇಷ್ಟು ಎಂದು ಗಿರಾಕಿಗಳು ಕೇಳಿದರೆ ಗೊಬ್ಬರ, ಹುಳು, ಕಡಿಮೆ ಫಸಲು ಎಂದು ಏನೋ ಒಂದು ಒಪ್ಪಿಸುತ್ತಿದ್ದೆ. ಮನೆಗೆ ಬಂದು ಅದನ್ನು ಹೇಳಿದರೆ ಅವಳು ನಗುತ್ತಿದ್ದಳು.

“ಅವರನ್ನ ಒಂದು ದಿನ ಇಲ್ಲಿಗೆ ಕಳಿಸಿ. ಒಂದು ಸಾಲು ಕಳೆ ಕಿತ್ತು ಅವರೇ ಬೆಲೆ ಹೇಳಲಿ.”

ಈ ವರ್ಷ ದೇವರು ಅವಳನ್ನು ಕರೆದುಕೊಂಡ. ಅವನ ಇಚ್ಛೆಗೆ ತಲೆಬಾಗಿದ್ದೇನೆ. ಆದರೂ ಊಟದ ಹೊತ್ತಿಗೆ ಕಣ್ಣು ಹಿತ್ತಲ ಬಾಗಿಲ ಕಡೆಗೇ ಹೋಗುತ್ತದೆ. ಅವಳು ಕೊನೆಯದಾಗಿ ಬಿತ್ತಿದ ಪಾತಿಯಲ್ಲಿ ಕ್ಯಾರೆಟ್ ಮೊಳೆಯಿತು. ಅದಕ್ಕಿಂತ ಜೋರಾಗಿ ಕಳೆ ಎದ್ದಿತು.

ಪಕ್ಕದ ಹೊಲ ಅವಳ ತಮ್ಮನದು. ಅವನು ಬಂದು ನೋಡಿ, ಒಂದು ಸಲ ಔಷಧಿ ಹೊಡೆದರೆ ಕಳೆ ಮಾತ್ರ ಸುಟ್ಟುಹೋಗುತ್ತದೆ, ನಾಲ್ಕು ಜನ ಮಾರುವ ಬೆಲೆಗೆ ಮಾರಿ ಬೇಗ ಮನೆ ಸೇರಬಹುದು ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅವಳ ಕೈ ತಾಗಿದ ಕೊನೆಯ ಮಣ್ಣು ಅದು. ಅದರ ಮೇಲೆ ವಿಷ ಬೀಳುವುದನ್ನು ನೋಡಲಾರೆ. ನಾಳೆ ಮಧ್ಯಾಹ್ನದವರೆಗೆ ತಡೆ, ನಾನೇ ಕೀಳುತ್ತೇನೆ ಎಂದೆ.

ಬೆಳಗಿನ ಪ್ರಾರ್ಥನೆ ಮುಗಿಸಿ, ಅವಳು ಮೊಣಕಾಲಿಗೆ ಹಾಸಿಕೊಳ್ಳುತ್ತಿದ್ದ ಗೋಣಿಯನ್ನೇ ಹಾಸಿ ಕೂತೆ. ಬಿಸಿಲೇರುವ ಹೊತ್ತಿಗೆ ಒಂದು ಸಾಲು ಮುಗಿಯಿತು. ಬೀಗುತ್ತ ಒಳಗೆ ಹೋಗಿ ನೀರಿನ ಲೋಟವನ್ನು ಬಾಯಿಗೆ ಎತ್ತಿದೆ. ಕೈಯಿಂದ ಅವಳ ವಾಸನೆ ಬಂತು.

ಅವಳು ಊಟ ಬಡಿಸಲು ಬಗ್ಗಿದಾಗಲೆಲ್ಲ ಬರುತ್ತಿದ್ದ ಹಸಿ ವಾಸನೆ. ಇಷ್ಟು ವರ್ಷ ಅದು ಅವಳ ಮೈಯದೇ ಎಂದುಕೊಂಡಿದ್ದೆ. ನೀರು ಕುಡಿಯದೆ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟೆ. ಕಳೆಗೆ ಈ ವಾಸನೆ ಎಲ್ಲಿಯದು ಎಂಬ ಯೋಚನೆ ಆಮೇಲೆ ಬಂತು. ಹೋಗಿ ನೋಡಿದರೆ ನಾನು ಕಿತ್ತು ಹಾಕಿದ ರಾಶಿಯೆಲ್ಲ ಕ್ಯಾರೆಟ್ ಸಸಿ. ಅದೇ ತರಹ ಎಳೆ ಎಳೆ ಎಲೆಯ ಕಳೆ ಸಾಲಿನಲ್ಲಿ ಠೀವಿಯಿಂದ ನಿಂತಿತ್ತು.

ಬೆನ್ನಿಗೆ ಔಷಧಿ ಡಬ್ಬಿ ಕಟ್ಟಿಕೊಂಡು ಬಂದ ಭಾವಮೈದುನ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಭಾವ, ಬೆಳೆ ಕಿತ್ತು ಕಳೆ ಸಾಕಿದ್ದೀರಲ್ಲ.”

ನಾನು ಕೈ ಚಾಚಿದೆ. ಮೂಸಿದ. ನಗು ನಿಂತಿತು. ಸ್ವಲ್ಪ ಹೊತ್ತು ನನ್ನ ಕೈ ಬಿಡಲಿಲ್ಲ.

“ಅನುಮಾನ ಬಂದ್ರೆ ಎಲೆ ಉಜ್ಜಿ ಮೂಸಿ ನೋಡು ಅಂತ ಅಕ್ಕ ನನಗೆ ಹೇಳಿದ್ಳು,” ಎಂದ. “ಅಷ್ಟು ತಾಳ್ಮೆ ನನಗೆಲ್ಲಿತ್ತು?”

ಡಬ್ಬಿಯನ್ನು ಬೇಲಿಯ ಆಚೆ ಇಳಿಸಿ ಬಂದು ಎದುರಿಗೆ ಕೂತ. ಸೊಂಟ ಹಿಡಿಯಿತೆಂದು ಸಂಜೆಯವರೆಗೂ ಗೊಣಗಿದ, ಆದರೆ ಏಳಲಿಲ್ಲ. ಒಂದೊಂದೇ ಎಲೆ ಉಜ್ಜಿ, ಮೂಸಿ, ಕಳೆಯನ್ನಷ್ಟೇ ಕಿತ್ತೆವು. ಆ ಪಾತಿ ಮುಗಿಯುವ ಹೊತ್ತಿಗೆ ಅವನು ತನ್ನ ಹೊಲವನ್ನೆಲ್ಲ ಉತ್ತು ಮುಗಿಸಬಹುದಿತ್ತು.

ಫಸಲು ಅಷ್ಟಕ್ಕಷ್ಟೇ. ಬೆಲೆ ಇನ್ನೂ ಏರಿಸಬೇಕಾಯಿತು. ಪ್ರತಿ ವಾರ ಚೌಕಾಸಿ ಮಾಡುವ ದರ್ಜಿ ಹೆಂಗಸು ಬಂದು ಸೊಂಟದ ಮೇಲೆ ಕೈಯಿಟ್ಟಳು.

“ಏನಜ್ಜ, ಈ ಸಲ ಚಿನ್ನದ ನೀರು ಹಾಯಿಸಿದ್ರಾ?”

ನಡೆದದ್ದನ್ನು ಹೇಳಿದೆ.

“ನೀವು ತಪ್ಪಿ ಕಿತ್ತಿದ್ದಕ್ಕೂ ನಾವೇ ಕೊಡ್ಬೇಕಾ?”

“ಅದನ್ನ ಸೇರಿಸಿಲ್ಲ ತಾಯಿ. ಆಮೇಲೆ ಮೂಸಿ ಮೂಸಿ ಕಿತ್ತೆವಲ್ಲ, ಅದಕ್ಕೆ ಇಷ್ಟು.”

ಅವಳು ನನ್ನ ಮುಖ ನೋಡಿದಳು. ಚೌಕಾಸಿ ಮಾಡದೆ, ಅರ್ಧ ಕಂತೆ ಸಾಕು ಎಂದಳು. ಎಂದಿನಂತೆ ಎಲೆ ಕತ್ತರಿಸಿ ಕ್ಯಾರೆಟ್ಟನ್ನು ಅವಳ ಚೀಲಕ್ಕೆ ಹಾಕಿದೆ. ಮೊದಲೆಲ್ಲ ಆ ಎಲೆಗಳನ್ನು ಅಲ್ಲೇ ಎಸೆದು ಬರುತ್ತಿದ್ದೆ. ಆ ದಿನ ನನ್ನ ಚೀಲಕ್ಕೆ ತುಂಬಿಕೊಂಡೆ.