ಕಂದು ಕುದುರೆ ಓಡಿದಾಗ

ಗೊರಸಿನ ಸದ್ದು, ಟಕ್ ಟಕ್, ಇಲ್ಲ ಇದು ಇನ್ನೂ ನಡಿಗೆ, ಓಟ ಆಮೇಲೆ, ನನ್ನ ಎದೆ ಮಾತ್ರ ಆಗಲೇ ಓಡತೊಡಗಿದೆ — ಲಾಯದ ಒಡತಿ ಹಗ್ಗ ಹಿಡಿದು ಕಂದು ಕುದುರೆಯನ್ನು ಅಂಗಳದ ಆ ತುದಿಗೆ ಕರೆದೊಯ್ಯುತ್ತಿದ್ದಾಳೆ, ಡಾಕ್ಟ್ರಮ್ಮಾ, ಇವತ್ತೂ ಕುಂಟಿದ್ರೆ ಇನ್ನು ಹಿಂಸೆ ಬೇಡ, ಸೂಜಿ ಚುಚ್ಚಿ ಕಳಿಸಿಬಿಡಿ, ಬೆಳಿಗ್ಗೆ ಅಷ್ಟು ಹೇಳಿ ಮುಖ ತಿರುಗಿಸಿಕೊಂಡಳು, ಹೂಂ ಅಂದುಬಿಟ್ಟೆ, ಸೂಜಿ ಜೀಪಿನಲ್ಲಿದೆ, ತಿಂಗಳುಗಳ ಹಿಂದೆ ಎಡ ಮುಂಗಾಲಿನ ಸ್ನಾಯು ಹರಿದು ಇದು ಬಿದ್ದುಕೊಂಡಾಗ ನಮ್ಮ ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು ಕೈ ಆಡಿಸಿದರು, ಮುಗಿದ ಕಥೆ ಕಣಮ್ಮಾ ಇದು, ನನಗೋ ಹಟ, ಐಸು, ಪಟ್ಟಿ, ಮತ್ತೆ ಐಸು, ಹಿಡಿದು ಹಿಡಿದು ನಡೆಸಿದ್ದು, ಏನೇ, ಕುದುರೆ ಜೊತೆ ಸಂಸಾರ ಹೂಡಿದ್ದೀಯಾ ಎಂದು ಅಕ್ಕ ನಕ್ಕದ್ದು — ನಿನ್ನೆ ಊಟದ ನಡುವೆ ಮಗಳು, ಅಮ್ಮಾ, ಎರಡು ಕಡೆನೂ ಒಂದೇ ಥರ ಇದ್ರೆ ಯಾಕೆ ಚೆಂದ ಕಾಣುತ್ತೆ, ಚಿಟ್ಟೆ, ಹುಲಿ, ದೊಡ್ಡಮ್ಮನ ಮುಖ, ನನ್ನ ಮುಖ ಅನ್ನಲಿಲ್ಲ ಕಳ್ಳಿ, ನನ್ನದು ಒಂದು ಹುಬ್ಬು ಅಟ್ಟಕ್ಕೆ ಒಂದು ಹುಬ್ಬು ನೆಲಕ್ಕೆ, ಗೊತ್ತಿಲ್ಲ ಪುಟ್ಟಿ ಅಂದೆ, ಹೇಳಬಹುದಿತ್ತು, ಎಡವೂ ಬಲವೂ ಬೇರೆ ಬೇರೆಯಾಗಿ ಬೆಳೆಯುತ್ತ ಬರಬೇಕು, ದಾರಿಯಲ್ಲಿ ಜ್ವರ, ಹಸಿವು, ಹುಳು, ಏಟು, ಯಾವುದು ತಾಗಿದರೂ ಒಂದು ಕಡೆ ತುಸು ಸೊಟ್ಟ, ಎರಡೂ ಸಮನಾಗಿ ಬಂದು ನಿಂತರೆ ಈ ಜೀವ ಎಲ್ಲವನ್ನೂ ದಾಟಿ ಬಂದಿದೆ ಎಂದು ಕಣ್ಣಿಗೆ ತಾನಾಗಿ ತಿಳಿಯುತ್ತದೇನೋ, ಅದನ್ನೇ ಚೆಂದ ಅನ್ನುತ್ತೇವೇನೋ —

ಓಡಿಸಿ! ಕೂಗಿದ್ದು ನಾನೇ, ನೋವಿನ ಕಾಲು ನೆಲಕ್ಕೆ ತಾಗಿದರೆ ತಲೆ ಮೇಲಕ್ಕೆ ಎಗರುತ್ತದೆ, ಈಗ ಎಗರುತ್ತದೆ, ಈ ಹೆಜ್ಜೆಗೆ, ಮುಂದಿನದಕ್ಕೆ, ಬೇಡ ಕಣೇ, ಬೇಡ ನನ್ನ ತಾಯಿ, ಎಗರಲಿಲ್ಲ, ಎಗರಲೇ ಇಲ್ಲ, ಟಕ್ ಟಕ್ ಟಕ್ ಟಕ್, ಯಾವ ಟಕ್ ಎಡದ್ದು ಯಾವುದು ಬಲದ್ದು, ಗೊತ್ತಾಗುತ್ತಿಲ್ಲ, ಗೊತ್ತಾಗದಿರುವುದೇ ಗೆಲುವು, ಹುಟ್ಟಿನಿಂದ ಬಂದ ಸಮವಲ್ಲ ಇದು, ಹರಿದು ಹೋಗಿ ತಿರುಗಿ ಗಳಿಸಿದ್ದು, ನೋಡಲೆಂದು ಬಂದು ಪಕ್ಕದಲ್ಲಿ ನಿಂತ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾರೆ, ಏನಮ್ಮಾ ಇದು, ಇನ್ನೊಂದ್ಸಲ ಓಡಿಸು, ನೂರು ಸಲ ಓಡಿಸೋಣ ಸಾರ್, ಒಡತಿ ನಗುತ್ತ ಅಳುತ್ತ ಪಕ್ಕದಲ್ಲೇ ಓಡುತ್ತಿದ್ದಾಳೆ, ಚಪ್ಪಲಿ ಕಿತ್ತುಹೋಗಿ ಈಗ ಕುಂಟುತ್ತಿರುವವಳು ಅವಳೊಬ್ಬಳೇ — ತಿರುಗಿತು, ನೇರ ನನ್ನತ್ತ, ಹಣೆಯ ಬಿಳಿಗೆರೆಯ ಆಚೆ ಈಚೆ ಎರಡು ಕಣ್ಣು, ಗಾಳಿ ತುಂಬಿದ ಎರಡು ಹೊಳ್ಳೆ, ಎರಡು ಕಿವಿ, ಹತ್ತಿರ ಬಂತು, ಎರಡು ಕಿವಿ, ಇನ್ನೂ ಹತ್ತಿರ, ಎರಡು ಕಿವಿ, ಒಂದೇ ಎತ್ತರದಲ್ಲಿ