ಹೆಸರಿಟ್ಟು ನೋಡುವುದು

"ಬಂದ ಯೋಚನೇನ ಓಡಿಸಬೇಡಿ, ಅದರ ಹಿಂದೆ ಓಡಲೂಬೇಡಿ. ಸುಮ್ಮನೆ ನೋಡಿ, ಒಂದು ಹೆಸರಿಡಿ," ಎಂದರು ನಜಾತ್ ಮೇಡಂ. ಸ್ಫಾಕ್ಸ್ ಊರಿನ ಹೆಣ್ಣುಮಕ್ಕಳ ಶಾಲೆಯ ಗ್ರಂಥಾಲಯದಲ್ಲಿ ಹನ್ನೊಂದು ಹುಡುಗಿಯರು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು.

ಇಬ್ತಿಹಾಲ್‌ಗೆ ಇದು ನಿಜಕ್ಕೂ ಉಪಯೋಗಕ್ಕೆ ಬಂದಿತ್ತು. ಚಳಿಗಾಲದಲ್ಲಿ ಚಪ್ಪಲಿ ಎಸೆದು ತಮ್ಮನ ಹುಬ್ಬು ಒಡೆದಿದ್ದವಳು ಈಗ ಎದೆ ಬಿಸಿಯಾದ ಕೂಡಲೇ 'ಇದು ಕೋಪ' ಎಂದು ಗುರುತಿಸುತ್ತಿದ್ದಳು. ಗುರುತಿಸಿದರೆ ಕೈ ಏಳುತ್ತಿರಲಿಲ್ಲ.

ಅಂದು ಮಾತಾಡಿದ್ದು ಅವಳ ಪಕ್ಕ ಕೂತಿದ್ದ ಗೆಳತಿ ಉಮೈಮಾ. "ನಮ್ಮಪ್ಪ ಆಸ್ಪತ್ರೇಲಿ ಹೆಣ ತೊಳೀತಾರೆ. ಮನೇಲಿ ಬ್ರೆಡ್ ಮುರಿದು ಕೊಡುವಾಗ ಅವರ ಕೈಯನ್ನೇ ನೋಡ್ತೀನಿ. ಅದಕ್ಕೆ ಹೇಸಿಗೆ ಅಂತ ಹೆಸರಿಟ್ಟೆ ಮೇಡಂ." ಮತ್ತೆ ಸೇರಿಸಿದಳು: "ಅಪ್ಪ ಅಂದ್ರೆ ಪ್ರೀತೀನೂ ಇದೆ. ಎರಡೂ ಒಟ್ಟಿಗೇ ಇದ್ವು."

"ಇಲ್ಲಿ ಆಡಿದ್ದು ಇಲ್ಲೇ ಇರಲಿ," ಎಂದರು ಮೇಡಂ.

ಬಿಡುವಿನಲ್ಲಿ ಅಂಗಳದ ಗೋಡೆಯ ಮೇಲೆ ಕೂತು, ಉಮೈಮಾ ದಿನದಂತೆ ಹರಿಸ್ಸಾ ಖಾರ ಸವರಿದ ಬ್ರೆಡ್ಡನ್ನು ಮುರಿದು ಅರ್ಧ ಇಬ್ತಿಹಾಲ್‌ಗೆ ಚಾಚಿದಳು. ಬೆಳಗಿನ ಗುಂಪಿನಲ್ಲಿದ್ದ ಸುಮಯ್ಯಾ ಮತ್ತು ಇನ್ನಿಬ್ಬರು ಇಬ್ತಿಹಾಲ್‌ಳ ಕೈಯನ್ನೇ ನೋಡುತ್ತಿದ್ದರು.

ಇಬ್ತಿಹಾಲ್ ತನ್ನೊಳಗೆ ನೋಡಿಕೊಂಡಳು. ಮೊದಲು ಕಂಡದ್ದು ಭಯ: ಇವರು ನನ್ನನ್ನೂ ದೂರ ಇಟ್ಟರೆ? ಅದರ ಹಿಂದೆ ಹೊಟ್ಟೆಕಿಚ್ಚು; ಗಣಿತದಲ್ಲಿ ಉಮೈಮಾಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿತ್ತು. ಅದಕ್ಕೂ ಹಿಂದೆ, ಇವತ್ತು ಇವಳನ್ನು ಬೀಳಿಸಬಹುದು ಎಂಬ ಸಣ್ಣ ಸಿಹಿ ತುರಿಕೆ. ಎಲ್ಲಕ್ಕೂ ಹೆಸರಿಟ್ಟಳು. ಬಾಯಿ ಮುಚ್ಚಿಕೊಳ್ಳಲು ಬೇಕಾದಷ್ಟು ಸಮಯವಿತ್ತು.

"ಇದನ್ನ ಕಟ್ಟೋ ಮುಂಚೆ ನಿಮ್ಮಪ್ಪ ಕೈ ತೊಳ್ಕೊಂಡಿದ್ರಾ?" ಎಂದಳು.

ಮೂವರೂ ನಕ್ಕರು. "ಹೆಣ ತೊಳೆಯೋ ನೀರಿನ ಕರ್ಪೂರ ಘಂ ಅಂತಿದೆ ಕಣ್ರೇ," ಎಂದು ಸುಮಯ್ಯಾ ಮೂಗು ಹಿಡಿದಳು.

ಉಮೈಮಾ ಎರಡೂ ತುಂಡುಗಳನ್ನು ಕಾಗದದಲ್ಲಿ ಸುತ್ತಿದಳು. "ನಿನ್ನ ತಮ್ಮನ ಹುಬ್ಬಿನ ವಿಷಯ ನಾನು ಯಾರ ಹತ್ರಾನೂ ಆಡಿಲ್ಲ ಕಣೇ," ಎಂದು ಮೆಲ್ಲಗೆ ಹೇಳಿ ಹೊರಟುಹೋದಳು.

ಕೊನೆಯ ಗಂಟೆ ಹೊಡೆದ ಮೇಲೆ ಇಬ್ತಿಹಾಲ್ ಗ್ರಂಥಾಲಯಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. "ಎಲ್ಲಾ ಕಾಣಿಸ್ತು ಮೇಡಂ. ಒಂದೊಂದಕ್ಕೂ ಹೆಸರಿಟ್ಟೆ. ಆದ್ರೂ ಅಂದ್ಬಿಟ್ಟೆ. ನೀವು ಹೇಳ್ಕೊಟ್ಟಿದ್ದು ಕೆಲಸ ಮಾಡ್ಲಿಲ್ಲ."

ನಜಾತ್ ಮೇಡಂ ಚಾಪೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಮಾಡಿದೆ. ಮೊದಲಾಗಿದ್ರೆ ಗೊತ್ತಿಲ್ದೆ ಅಂದೆ ಅಂತ ಹೇಳ್ಕೋಬಹುದಿತ್ತು."

"ಈಗ ಏನ್ಮಾಡ್ಲಿ?"

"ಅವಳ ಹತ್ರ ಹೋಗು. ಕ್ಷಮಿಸ್ತಾಳೆ ಅಂದ್ಕೊಂಡು ಹೋಗ್ಬೇಡ."

ಉಮೈಮಾ ಗೇಟಿನ ಬಳಿ ಒಬ್ಬಳೇ ಬಸ್ಸಿಗೆ ಕಾಯುತ್ತಿದ್ದಳು. ಇಬ್ತಿಹಾಲ್ ಅತ್ತ ನಾಲ್ಕು ಹೆಜ್ಜೆ ಇಟ್ಟಳು. ಇದು ನಾಚಿಕೆ, ಎಂದು ಗುರುತಿಸಿದಳು. ಆಗ ಗೋಡೆಯ ಮೇಲಿದ್ದ ಸುಮಯ್ಯಾ ತನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಇಬ್ತಿಹಾಲ್ ಹೋಗಿ ಅಲ್ಲಿ ಕೂತಳು. ಕಲ್ಲು ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿತ್ತು.